ಹಾಡೋಳು ಹೊರಗವಳೆ

ರಾಮನಗರ
17 ಜನವರಿ 1978

ಅವ್ವಾ,

‘ಇಲ್ಲಿ ನಾವು ಕ್ಷೇಮ, ಅಲ್ಲಿ ನೀವು ಕ್ಷೇಮವೆಂದು ನಂಬಿದ್ದೇನೆ’ ಎಂದು ಬರೆಯುವುದನ್ನು ನಾನು ನಿಲ್ಲಿಸಿದ್ದೇನೆ. ನಾವು ಕ್ಷೇಮವಾಗಿಲ್ಲ. ಇಲ್ಲದ್ದನ್ನು ಪ್ರತಿ ಕಾಗದದ ತಲೆಯ ಮೇಲೆ ಬರೆದೂ ಬರೆದೂ ನಮ್ಮ ಜನ ಅದನ್ನು ನಂಬಿಬಿಟ್ಟಿದ್ದಾರೆ. ಗೌಸ್ ಮಾಮ, ಇದನ್ನು ಅವ್ವನಿಗೆ ಓದಿ ಹೇಳುವಾಗ ನಡುವೆ ನಿಲ್ಲಿಸಿ ಅವಳ ಮುಖ ನೋಡಬೇಡಿ. ಸುಮ್ಮನೆ ಓದಿ.

ರೇಷ್ಮೆ ಕಾರ್ಖಾನೆಯಲ್ಲಿ ಕೆಲಸ ಹಾಗೇ ಇದೆ. ದಿನವಿಡೀ ಬಿಸಿನೀರಿನಲ್ಲಿ ಗೂಡು ಆಡಿಸಿ ಎಳೆ ಹಿಡಿಯಬೇಕು. ಬೆರಳ ತುದಿ ಬೆಳ್ಳಗೆ ಸುಲಿದು ಪೆನ್ನು ನಿಲ್ಲುವುದಿಲ್ಲ, ಅದಕ್ಕೇ ಅಕ್ಷರ ಸೊಟ್ಟ. ಪಕ್ಕದ ಬಾಣಲೆಯಲ್ಲಿ ಕೂರುವ ರೋಶನ್ ಬೀ ಊಟದ ಹೊತ್ತಿಗೆ “ಏನಾದ್ರೂ ಓದೇ, ಹುಳದ ವಾಸ್ನೆ ಮರೀಲಿ” ಅನ್ನುತ್ತಾಳೆ. ನಾನು ಓದುತ್ತೇನೆ. ಏಳನೇ ಕ್ಲಾಸಿನಲ್ಲಿ ಸ್ಕೂಲು ಬಿಡಿಸಿದರೂ ಓದು ಬಿಡಿಸಲು ಯಾರಿಂದಲೂ ಆಗಲಿಲ್ಲ.

ಹೋದ ಭಾನುವಾರ ಬಸ್ ನಿಲ್ದಾಣದಲ್ಲಿ ಬೆಂಗಳೂರಿನ ಹುಡುಗರು ಹಂಚಿದ ಕರಪತ್ರದಲ್ಲಿ ಒಬ್ಬ ಹಾಡುಗಾರ್ತಿಯ ವಿಷಯ ಇತ್ತು. ಹೆಸರು ಮಿರಿಯಂ ಮಕೇಬಾ. ದಕ್ಷಿಣ ಆಫ್ರಿಕಾದವಳು. ಅಲ್ಲಿ ಬಿಳಿಯರ ಸರ್ಕಾರ. ಕರಿಯರಿಗೆ ಬೇರೆ ಕೇರಿ, ಬೇರೆ ಬಸ್ಸು, ಬೇರೆ ಬಾಗಿಲು. ಓದುತ್ತ ಇದರಲ್ಲಿ ಹೊಸದೇನು ಅನ್ನಿಸಿತು. ಅವಳು ಎಳೆಗೂಸಾಗಿದ್ದಾಗ ಅವಳ ತಾಯಿ ಮನೆಯಲ್ಲಿ ಬೀರು ಕಾಯಿಸಿ ಮಾರಿದಳೆಂದು ಜೈಲಿಗೆ ಹಾಕಿದರು. ಕೂಸೂ ಆರು ತಿಂಗಳು ತಾಯಿಯ ಜೊತೆ ಜೈಲಿನಲ್ಲೇ ಇತ್ತು. ದೊಡ್ಡವಳಾಗಿ ಹಾಡಿ ಪರದೇಶಕ್ಕೆ ಹೋದಳು. ತಾಯಿ ಸತ್ತ ಸುದ್ದಿ ಬಂದು ಊರಿಗೆ ಹೊರಟರೆ, ನಿನ್ನ ಪಾಸ್‌ಪೋರ್ಟ್ ರದ್ದಾಗಿದೆ ಅಂದರು. ತಾಯಿಯ ಮಣ್ಣಿಗೂ ಬಿಡಲಿಲ್ಲ. ಅವಳು ಸುಮ್ಮನಾಗಲಿಲ್ಲ. ವಿಶ್ವಸಂಸ್ಥೆಗೆ ಹೋಗಿ ಎಲ್ಲ ದೇಶದವರ ಎದುರು ನಿಂತು ಹೇಳಿದಳು. ಆಮೇಲೆ ಅವಳ ಹಾಡಿನ ಪ್ಲೇಟುಗಳನ್ನೂ ಆ ಸರ್ಕಾರ ನಿಷೇಧಿಸಿತು. ಇವತ್ತಿಗೂ ಅವಳು ಊರು ಕಂಡಿಲ್ಲ.

ಈಗ ನಿನ್ನ ವಿಷಯ. ಮಾರ್ಚಿಗೆ ದೊಡ್ಡಮನೆ ಅಂಕಯ್ಯನ ಮಗಳು ಮುನಿರತ್ನಮ್ಮನ ಮದುವೆಯಂತೆ. ಸೋಬಾನೆಗೆ ನಿನಗೇ ಹೇಳಿಕಳಿಸಿರುತ್ತಾರೆ. ನಮ್ಮ ದೊಡ್ಡಿ ಸೇರಿ ಸುತ್ತಲ ನಾಲ್ಕು ಪುಟ್ಟ ಊರುಗಳಲ್ಲಿ ಆ ಪದಗಳನ್ನು ಪೂರಾ ಬಲ್ಲವಳು ನೀನೊಬ್ಬಳೇ. ಆದರೆ ಎಲ್ಲಿ ನಿಲ್ಲುತ್ತೀಯ? ಚಪ್ಪರದ ಆಚೆ, ಕೊಟ್ಟಿಗೆ ಗೋಡೆಯ ಪಕ್ಕ. ನೀನು ಒಂದು ಸಾಲು ಎತ್ತಿಕೊಡಬೇಕು, ಒಳಗೆ ಕೂತ ಹೆಂಗಸರು ಅದನ್ನೇ ತಿರುಗಿ ಹೇಳಬೇಕು. ಕೊನೆಗೆ ಒಂದು ಮೊರದಲ್ಲಿ ಅಕ್ಕಿ, ಎಲೆಅಡಿಕೆ ಇಟ್ಟು ಕೋಲಿನಿಂದ ನಿನ್ನ ಕಡೆ ತಳ್ಳುತ್ತಾರೆ. ನಿನ್ನ ಧ್ವನಿಗೆ ಮೈಲಿಗೆಯಿಲ್ಲ, ನಿನ್ನ ಮೈಗೆ ಮಾತ್ರ.

ಹಾಡಬೇಡ. ಆ ದಿನ ಬಾಯಿ ಮುಚ್ಚಿಕೊಂಡು ಮನೆಯಲ್ಲಿ ಕೂರು. ಧಾರೆ ಹೇಗೆ ಸಾಗುತ್ತದೋ ನೋಡೋಣ.

ನಿನ್ನ ಮಗಳು, ಸಿಟ್ಟಿನಲ್ಲಿರುವವಳು,
ಮಾಯಮ್ಮ


ಉಯ್ಯಂಬಳ್ಳಿ
9 ಫೆಬ್ರವರಿ 1978

ಮಗಳೇ ಮಾಯಮ್ಮ,

ನಿನ್ನ ತಾಯಿ ದೊಡ್ಡಿಯಿಂದ ನಡೆದು ಬಂದು ಅಂಗಡಿಯ ಮುಂದೆ ಕೂತಿದ್ದಾಳೆ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ. ನಾನು ಪಂಕ್ಚರ್ ಹಾಕುವವನು, ಆದರೆ ಇನ್ನೊಬ್ಬರ ಮಾತಿಗೆ ತೇಪೆ ಹಾಕುವುದಿಲ್ಲ.

“ಮಾಯಿ, ನಿನ್ ಕಾಗ್ದ ಗೌಸಣ್ಣ ಎರಡ್ ದಪ ಓದ್ದ. ಆ ಹೆಂಗ್ಸಿನ ಇಸ್ಯ ಇನ್ನೊಂದ್ ದಪ ಓದಪ್ಪ ಅಂದ್ರೆ, ‘ಚೈನ್ ಬಿಚ್ಚಿದ್ ಸೈಕಲ್ಲು ಕಾಯ್ತಾ ಐತೆ ಕಣಮ್ಮ’ ಅಂತಾನೆ. ನಾನೇನ್ ಇವನ ಸೈಕಲ್ ಹೊತ್ಕಂಡ್ ಹೋಯ್ತೀನಾ?

“ನಂಗೆ ಒಸಿ ಕೇಳಾದೈತೆ. ಜೈಲಲ್ಲಿ ಬಾಣಂತಿಗೆ ಏನ್ ಕೊಟ್ರಂತೆ? ಕೂಸ್ಗೆ ಹಾಲಿತ್ತಾ? ಆಮೇಲೆ ಆ ತಾಯಿ ಸತ್ತಾಗ ಮಕ ತೊಳ್ದೋರ್ ಯಾರು? ಅವಳ್ಗೆ ಇನ್ನೊಬ್ಬಳು ಮಗಳಿದ್ಲಾ? ಅದೆಲ್ಲ ನಿನ್ ಕಾಗ್ದದಾಗೆ ಇಲ್ವಲ್ಲ.

“ಹಾಡ್ಬ್ಯಾಡ ಅಂತೀಯ. ಮುನಿರತ್ನ ಕೂಸಾಗಿದ್ದಾಗ ನನ್ ಪದ ಕೇಳ್ಕಂಡ್ ಉಣ್ತಿತ್ತು. ಅವಳ ಮದ್ವೆ ದಿನ ನಾನ್ ಬಾಯ್ ಮುಚ್ಕಂಡ್ರೆ ಯಾರ್ಗ್ ಬುದ್ಧಿ ಬತ್ತದೆ, ಅವರ್ಗಾ, ನಂಗಾ? ನಮ್ಮವ್ವನೂ ಆ ಕೊಟ್ಗೆ ಗ್ವಾಡೆ ತಾವೇ ನಿಂತು ಹಾಡಿದ್ಲು. ನಾನ್ ಹೊರಗಿದ್ರೂ ಪದ ಒಳಗಿರ್ತದೆ ಕಣ್ ಮಗ. ಬೆಳ್ಳಿಗೆ ಕೊಬ್ರಿ ಎಣ್ಣೆ ಹಚ್ಕೊ. ಬೆರಳ್ಗೆ ಅಂದೆ ಕಣ್ ಗೌಸಣ್ಣ, ಸರ್ಯಾಗ್ ಬರಿ.”

ಸರಿಯಾಗಿಯೇ ಬರೆದಿದ್ದೇನೆ.

ನಿನ್ನ ತಾಯಿ ಬೋರಮ್ಮನ ಪರವಾಗಿ,
ಗೌಸ್


ರಾಮನಗರ
20 ಫೆಬ್ರವರಿ 1978

ಅವ್ವಾ,

ಆ ತಾಯಿಯ ಮುಖ ಯಾರು ತೊಳೆದರು ಎಂದು ಕರಪತ್ರದಲ್ಲಿ ಇಲ್ಲ. ಅದು ಮುಖ್ಯವೂ ಅಲ್ಲ. ಮಗಳು ಬಾಗಲಿಲ್ಲ ಎಂಬುದು ಮುಖ್ಯ. ತಾಯಿಯ ಮಣ್ಣನ್ನೂ ಬಿಟ್ಟಳು, ಆದರೆ ಬಾಗಲಿಲ್ಲ. ಇದನ್ನು ನಾನು ನಮ್ಮ ರೂಮಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಟ್ಟಿದ್ದೇನೆ.

ನೀನು ಹಾಲಿನ ಮಾತು, ಕೊಬ್ಬರಿ ಎಣ್ಣೆಯ ಮಾತು ಆಡುತ್ತೀಯ. ಅಜ್ಜಿ ನಿಂತ ಜಾಗದಲ್ಲೇ ನೀನೂ ನಿಂತೆ ಎಂದು ಹೆಮ್ಮೆಯಿಂದ ಹೇಳುತ್ತೀಯ. ನಾಳೆ ನಾನೂ ಅಲ್ಲೇ ನಿಲ್ಲಬೇಕೆ? ಒಂದೇ ಮಾತು ಹೇಳುತ್ತೇನೆ. ನೀನು ಕೊಟ್ಟಿಗೆ ಪಕ್ಕ ನಿಂತು ಮೊದಲಿನ ಹಾಗೇ ಹಾಡಿ ಆ ಮೊರ ತೆಗೆದುಕೊಂಡರೆ, ನಾನು ಆ ದೊಡ್ಡಿಗೆ ಇನ್ನು ಕಾಲಿಡುವುದಿಲ್ಲ. ಹಬ್ಬಕ್ಕೂ ಇಲ್ಲ, ಕಾಯಿಲೆಗೂ ಇಲ್ಲ.

ಮಾಯಮ್ಮ


ಉಯ್ಯಂಬಳ್ಳಿ
14 ಮಾರ್ಚ್ 1978

ಮಗಳೇ,

ಮದುವೆಯಾಯಿತು. ಪೆಟ್ರೊಮ್ಯಾಕ್ಸ್ ದೀಪಗಳ ಉಸ್ತುವಾರಿಗೆ ನನ್ನನ್ನು ಕರೆದಿದ್ದರು, ಹೀಗಾಗಿ ಇದು ಕೇಳಿದ ಸುದ್ದಿಯಲ್ಲ, ಕಣ್ಣಾರೆ ಕಂಡದ್ದು.

ಬೋರಮ್ಮ ಬಂದಳು. ತೊಳೆದ ಸೀರೆ ಉಟ್ಟು ಕೊಟ್ಟಿಗೆ ಗೋಡೆಯ ಪಕ್ಕವೇ ನಿಂತಳು. ನಿನ್ನ ಕಾಗದ ಅವಳ ತಲೆಗೆ ಹತ್ತಲಿಲ್ಲ ಅಂದುಕೊಂಡೆ. ಅರಿಶಿನದ ಪದ, ಆರತಿಯ ಪದ ಎಂದಿನಂತೆ ಆದವು. ಅವಳು ಎತ್ತಿಕೊಡುವಳು, ಒಳಗಿನ ಹೆಂಗಸರು ತಿರುಗಿ ಹೇಳುವರು. ಅವರ ಗಮನವೆಲ್ಲ ಸೀರೆ ಸೆರಗಿನ ಮೇಲೆ, ಬಾಯಿ ಮಾತ್ರ ಅಭ್ಯಾಸದಂತೆ ಬೋರಮ್ಮನ ಹಿಂದೆ ಹೋಗುತ್ತಿತ್ತು. ಧಾರೆಯ ಹೊತ್ತಿಗೆ ಅವಳು ಹೊಸ ಪದ ಎತ್ತಿದಳು.

ಕಡಲಾಚೆ ಹಾಡೋಳು ಮಗಳೊಬ್ಬಳವಳೆ ಸೋ.

ಒಳಗಿನವರು ಹೇಳಿದರು.

ತಾಯಿ ಸತ್ತರೂ ಅವಳ ಮಣ್ಣಿಗೆ ಬಿಡಲಿಲ್ಲ ಸೋ.

ಅದನ್ನೂ ಹೇಳಿದರು.

ಹಾಡು ಚಪ್ಪರದೊಳಗೆ ಬಂತಲ್ಲ ಸೋ, ಹಾಡೋಳು ಹೊರಗವಳೆ ಯಾಕವ್ವ ಸೋ.

ರೇಷ್ಮೆ ಸೀರೆಯುಟ್ಟ ಇಡೀ ಸಾಲು ಒಟ್ಟಿಗೇ ಹೇಳಿತು, ಹಾಡೋಳು ಹೊರಗವಳೆ ಯಾಕವ್ವ ಅಂತ. ಹಸೆಯ ಮೇಲಿದ್ದ ಮುನಿರತ್ನಮ್ಮನ ತುಟಿಯೂ ಆಡಿತು. ಅಂಕಯ್ಯನ ಅಕ್ಕ ದೊಡ್ಡಲಕ್ಷ್ಮಮ್ಮ ಅರ್ಧ ಹೇಳಿ, ಅರ್ಥವಾಗಿ, ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅಷ್ಟರಲ್ಲಿ ಗಂಡಿನ ಕಡೆಯವನೊಬ್ಬ ನಕ್ಕು, “ಹೆಣ್ಣಿನ್ ಕಡೆಯೋರೇ ಕೇಳ್ತಾವ್ರೆ, ಉತ್ರ ಕೊಡ್ರಪ್ಪೋ!” ಅಂದುಬಿಟ್ಟ. ಬೀಗರ ಎದುರು ಅಂಕಯ್ಯನ ಮುಖ ಕಪ್ಪಿಟ್ಟಿತು.

“ಏನ್ಲೇ ಅದು? ನಮ್ ಹೆಣ್ಮಕ್ಕಳ ಬಾಯಲ್ಲಿ ಏನ್ ಹೇಳುಸ್ತಿದ್ದೀಯ?”

“ನಾನೇನ್ ಹೇಳುಸ್ಲಿಲ್ಲ ಬುದ್ಧಿ. ಎತ್ಕೊಟ್ಟೆ. ಅವ್ರೇ ಅಂದ್ರು.”

ಆಮೇಲೆ ಮೈಕ್ ಸೆಟ್ಟಿನವನಿಗೆ ಹೇಳಿ ಸಿನಿಮಾ ಪ್ಲೇಟು ಹಾಕಿಸಿದರು. ಧಾರೆ ಅದರಲ್ಲೇ ಮುಗಿಯಿತು. ಮೊರ ಯಾರೂ ತಳ್ಳಲಿಲ್ಲ. ಬೋರಮ್ಮ ಕಾಯಲೂ ಇಲ್ಲ.

ಈಗ ಅವಳ ಮಾತು:

“ಬಾಯ್ ಮುಚ್ಕೊ ಅಂದೆ. ಅದು ನಂಗ್ ಬರಾಕಿಲ್ಲ ಕಣ್ ಮಾಯಿ. ನಿಂತಿದ್ದು ಹೊರಗೇಯ, ಆದ್ರೆ ಮೊದ್ಲಿನಂಗೆ ಹಾಡ್ಲಿಲ್ಲ, ಮೊರಾನೂ ಮುಟ್ಲಿಲ್ಲ. ಇದು ಸಾಕಾ? ಈಗ ಮನೀಗ್ ಬತ್ತೀಯಾ?”

ಗೌಸ್


ರಾಮನಗರ
25 ಮಾರ್ಚ್ 1978

ನನ್ನ ಅವ್ವಾ,

ಕಾರ್ಖಾನೆಯಲ್ಲಿ ಆ ಕಾಗದವನ್ನು ಎಲ್ಲರಿಗೂ ಗಟ್ಟಿಯಾಗಿ ಓದಿದೆ. ರೋಶನ್ ಬೀ ಬಾಣಲೆಯ ಮುಂದೆ ಎದ್ದು ನಿಂತು “ಹಾಡೋಳು ಹೊರಗವಳೆ ಯಾಕವ್ವ” ಅಂತ ಕೂಗಿದಳು. ಮಾಲೀಕ ಓಡಿಬಂದು ಬೈದ. ಬೈಯಲಿ.

ನಾನು ಹೇಳಿದ್ದು ಸುಮ್ಮನಿರುವುದನ್ನು. ನೀನು ಮಾಡಿದ್ದು ಅದಕ್ಕಿಂತ ದೊಡ್ಡದು. ನಮ್ಮ ಪ್ರಶ್ನೆಯನ್ನು ಅವರ ಬಾಯಿಂದಲೇ ಕೇಳಿಸಿದೆ. ಇದು ದೊಡ್ಡಿಯಲ್ಲೇ ಉಳಿಯಬಾರದು. ನಿನ್ನ ಪದವನ್ನು ನಮ್ಮ ಗೆಳೆಯರು, ಆ ಬೆಂಗಳೂರಿನ ಹುಡುಗರು, ಕರಪತ್ರವಾಗಿ ಅಚ್ಚು ಹಾಕಿಸಿದ್ದಾರೆ. ಊರಿನ ಹೆಸರು, ಅಂಕಯ್ಯನ ಹೆಸರು, ನಿನ್ನ ಹೆಸರು ಎಲ್ಲ ಇದೆ. ಕನಕಪುರ, ಚನ್ನಪಟ್ಟಣ, ಮಾಗಡಿಯ ಬಸ್ಸುಗಳಲ್ಲಿ ಹಂಚಿದೆವು. ಅಸ್ಪೃಶ್ಯತೆಯ ವಿರುದ್ಧ ಇರುವ ನಾಗರಿಕ ಹಕ್ಕುಗಳ ಕಾಯ್ದೆಯ ಪ್ರಕಾರ ಪೊಲೀಸರಿಗೆ ದೂರನ್ನೂ ಕೊಟ್ಟೆವು. ಹಾಗೆ ಒಂದು ಕಾಯ್ದೆ ಇದೆ ಎಂದು ನಮ್ಮ ಕೇರಿಯಲ್ಲಿ ಯಾರಿಗಾದರೂ ಗೊತ್ತಿತ್ತೆ?

ಒಂದು ಕರಪತ್ರ ಇದರ ಜೊತೆ ಇಟ್ಟಿದ್ದೇನೆ. ಬರುತ್ತೇನೆ ಅವ್ವ, ಇಲ್ಲಿ ಇನ್ನೊಂದು ಸಭೆ ಇದೆ, ಅದು ಮುಗಿಯಲಿ.

ನಿನ್ನನ್ನು ಎತ್ತಿ ಆಡಿಸಬೇಕೆನಿಸುತ್ತಿರುವ
ಮಾಯಿ


ಉಯ್ಯಂಬಳ್ಳಿ
8 ಮೇ 1978

ಮಗಳೇ,

ತಡವಾಯಿತು. ಬೋರಮ್ಮ ಇಷ್ಟು ದೂರ ನಡೆಯಲಾರಳು. ನಾನೇ ಹೋಗಿ ಕೇಳಿಕೊಂಡು ಬಂದು ಬರೆಯುತ್ತಿದ್ದೇನೆ.

ಪೊಲೀಸರ ಜೀಪೊಂದು ಬಂತು. ಕೇಳಿದರು, ಬರೆದುಕೊಂಡರು. ಚಪ್ಪರದಲ್ಲಿದ್ದವರಿಗೆ ಯಾರಿಗೂ ಏನೂ ನೆನಪಿರಲಿಲ್ಲ. ಜೀಪು ಹೋದ ಮೇಲೆ ಕೇರಿಯವರನ್ನು ಕೆಲಸಕ್ಕೆ ಕರೆಯುವುದು ನಿಂತಿತು. ನಿನ್ನ ತಾಯಿಯೊಬ್ಬಳನ್ನಲ್ಲ, ಇಡೀ ಕೇರಿಯನ್ನು. ಬಾವಿಯ ಹತ್ತಿರ ಸೇರಿಸುತ್ತಿಲ್ಲ, ಹಳ್ಳದ ಒರತೆಯ ನೀರೇ ಗತಿ. ದೊಡ್ಡಿಯ ಅಂಗಡಿಯಲ್ಲಿ ಉಪ್ಪು ಕೂಡ ಕೊಡುವುದಿಲ್ಲ. ನಾನು ಸೈಕಲ್ಲಿನ ಮೇಲೆ ರಾಗಿ ಹಾಕಿಕೊಂಡು ಹೋಗುತ್ತೇನೆ. “ಸಾಬ್ರೇ, ನಿಮ್ ಟಯರ್ ಹುಷಾರು” ಅಂತ ದಾರಿಯಲ್ಲಿ ಒಬ್ಬ ಹೇಳಿದ. ಪಂಕ್ಚರ್ ಅಂಗಡಿಯವನಿಗೆ ಹೇಳುವ ಮಾತೇ ಅದು!

ಕೇರಿಯವರಿಗೂ ಸಿಟ್ಟಿದೆ. ಪಕ್ಕದ ಮನೆಯ ಮುನಿಯಮ್ಮನೊಬ್ಬಳು ಬಿಟ್ಟರೆ ಯಾರೂ ನಿಮ್ಮ ಮನೆಯ ಹೊಸ್ತಿಲು ತುಳಿಯುತ್ತಿಲ್ಲ. ಮೂಲೆಮನೆ ಚೆಲುವಯ್ಯ ನನ್ನ ಮುಂದೆಯೇ ಅಂದ, “ಹಾಡಿದ್ದೋಳು ಹಾಡ್ಬುಟ್ಲು, ಬರ್ದೋಳು ರಾಮನಗ್ರದಾಗೆ ಕೂತವ್ಳೆ, ಹಸ್ಕಂಡಿರೋರು ನಾವು.”

ಬೋರಮ್ಮನಿಗೆ ಕೆಮ್ಮು ಹತ್ತಿದೆ. ಕರಪತ್ರವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. “ನನ್ ಹೆಸ್ರು ಯಾವ್ ತಾವೈತೆ ತೋರ್ಸು” ಅಂದಳು. ತೋರಿಸಿದೆ. ಅದರ ಮೇಲೆ ಬೆರಳು ಇಟ್ಟುಕೊಂಡೇ ಹೇಳಿದಳು:

“ಮಾಯಿಗೆ ಬೇರೇನ್ ಬರೀಬ್ಯಾಡ. ಸಬೆ ಮುಗೀತಾ ಅಂತ ಮಾತ್ರ ಕೇಳು.”

ಗೌಸ್


ರಾಮನಗರ
30 ಮೇ 1978

ಅವ್ವಾ,

ಬರುವ ಭಾನುವಾರದ ನಂತರದ ಭಾನುವಾರ ಬರುತ್ತೇನೆ. ಒಬ್ಬಳೇ ಅಲ್ಲ. ನಮ್ಮ ಗೆಳೆಯರು ಇಪ್ಪತ್ತು ಮಂದಿ, ಬಾವುಟ ಹಿಡಿದು, ನಿನ್ನ ಪದ ಹಾಡುತ್ತ ದೊಡ್ಡಮನೆಯ ಬೀದಿಯಲ್ಲೇ ಬರುತ್ತೇವೆ. ಬಾವಿಯಿಂದ ನಾನೇ ನೀರು ಸೇದುತ್ತೇನೆ. ಮೂಲೆಮನೆ ಚೆಲುವಣ್ಣನಿಗೆ ಹೇಳು, ಹಸಿವು ನನಗೂ ಗೊತ್ತು. ಹಸಿವಿಗೆ ಹೆದರಿದ್ದಕ್ಕೇ ಅಜ್ಜಿಯ ಕಾಲದಿಂದ ಕೊಟ್ಟಿಗೆಯ ಪಕ್ಕ ನಿಂತಿದ್ದೇವೆ.

ಕಷಾಯ ಕುಡಿ. ಎರಡು ವಾರ ತಡೆದುಕೋ.

ಮಾಯಿ


ಉಯ್ಯಂಬಳ್ಳಿ
6 ಜೂನ್ 1978

ಮಗಳೇ ಮಾಯಮ್ಮ,

ಇದು ನಿನ್ನ ದೊಡ್ಡಪ್ಪ ಕೆಂಪಯ್ಯ ಹೇಳಿ ಬರೆಸುತ್ತಿರುವುದು. ನಿಮ್ಮ ಮನೆಯ ಜಗಲಿಯಲ್ಲೇ ಕೂತಿದ್ದೇವೆ.

“ಮಗ ಮಾಯಿ, ಬರ್ಬ್ಯಾಡ. ಮಳೆ ಬಿದ್ದೈತೆ, ಬಿತ್ನೆ ಕಾಲ. ದೊಡ್ಡಮನೆಯೋರು ಬಾಯ್ ಬುಟ್ಟವ್ರೆ. ಬಾವಿ ಬುಡ್ತಾರೆ, ಕೆಲ್ಸುಕ್ಕೆ ಕರೀತಾರೆ. ಆದ್ರೆ ನೀನು ದೊಡ್ಡಿ ಗಡಿಯೊಳಿಕ್ಕೆ ಕಾಲಿಡ್ಬಾರ್ದು, ಈಗ್ಲೂ ಇಲ್ಲ, ಮುಂದ್ಕೂ ಇಲ್ಲ. ಮಾರಮ್ಮನ ಗುಡಿ ಮುಂದೆ ಕೇರಿ ಗಂಡಸ್ರೆಲ್ಲ ಒಪ್ಕಂಡು ಮಾತು ಕೊಟ್ಟಿದ್ದೀವಿ. ನೀನು ಬಂದ್ರೆ ಮಾತು ಮುರೀತು, ಹುಡ್ಗುರಿಗೆ ಗಂಜೀನೂ ಇಲ್ಲ. ನಿಮ್ಮವ್ವನ್ನ ಕೇಳ್ಲಿಲ್ಲ. ಕೇಳಿದ್ರೆ ಒಪ್ಪಾಕಿಲ್ಲ ಅಂತ ಗೊತ್ತಿತ್ತು. ನನ್ನ ಬೈಕೋ. ನೀನು ಎಷ್ಟ್ ಬೈದ್ರೂ ನಾನ್ ಕೇಳ್ತೀನಿ, ಆದ್ರೆ ಬರ್ಬ್ಯಾಡ.”

ಇದನ್ನು ಬರೆಯುವಷ್ಟು ಹೊತ್ತೂ ಬೋರಮ್ಮ ಒಳಗೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಿನ್ನ ಮಾತೇನಾದರೂ ಸೇರಿಸಲೇ ಅಂದೆ. ಒಮ್ಮೆ ಕೆಮ್ಮಿದಳು. ಆಮೇಲೆ, “ಬಾ ಅಂತ ಬರೀಬ್ಯಾಡ. ಬರ್ಬ್ಯಾಡ ಅಂತಾನೂ ಬರೀಬ್ಯಾಡ” ಅಂದಳು.

ಗೌಸ್


ರಾಮನಗರ
14 ಜೂನ್ 1978

ದೊಡ್ಡಪ್ಪ,

ಅಲ್ಲಿ ಬಿಳಿಯರ ಸರ್ಕಾರ ಮುದ್ರೆ ಒತ್ತಿ ಒಬ್ಬ ಮಗಳನ್ನು ಹೊರಗಿಟ್ಟಿತು. ಇಲ್ಲಿ ಅಂಕಯ್ಯ ಬೆರಳೂ ಎತ್ತಬೇಕಾಗಲಿಲ್ಲ. ನೀವೇ ದೇವಿಯ ಮುಂದೆ ನಿಂತು ಮುಗಿಸಿದಿರಿ. ಅವರ ಸಾಲು ಅವರು ಎತ್ತಿಕೊಟ್ಟರು, ನೀವು ತಿರುಗಿ ಹೇಳಿದಿರಿ.

ಭಾನುವಾರ ನಾನು ಬರಲಿಲ್ಲ, ಇನ್ನು ಬರುವುದೂ ಇಲ್ಲ. ನಿಮ್ಮ ಮಾತಿಗಲ್ಲ, ಮಕ್ಕಳ ಗಂಜಿಗೆ.

ಗೌಸ್ ಮಾಮ, ಅವ್ವನನ್ನು ಹೇಗಾದರೂ ಮಾಡಿ ಬಸ್ಸು ಹತ್ತಿಸಿ. ನಾನು ಕನಕಪುರದಲ್ಲಿ ಕಾಯುತ್ತೇನೆ. ಇಲ್ಲಿ ದೊಡ್ಡ ಆಸ್ಪತ್ರೆ ಇದೆ. ರೋಶನ್ ಬೀ ತನ್ನ ಚಾಪೆಯನ್ನು ಆಗಲೇ ಮೂಲೆಗೆ ಸರಿಸಿ ಜಾಗ ಮಾಡಿದ್ದಾಳೆ.

ಮಾಯಮ್ಮ


ಉಯ್ಯಂಬಳ್ಳಿ
3 ಜುಲೈ 1978

ಮಗಳೇ,

ಎತ್ತಿನ ಗಾಡಿ ಗೊತ್ತು ಮಾಡಿ ಹೋಗಿದ್ದೆ. ಬೋರಮ್ಮನಿಗೆ ಕೂರಲು ಆಗುತ್ತಿಲ್ಲ, ಕೆಮ್ಮಿದರೆ ರಕ್ತ ಬರುತ್ತದೆ. ಕಂಪೌಂಡರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಎದೆಯ ಕಾಯಿಲೆ, ಬಹಳ ಮುಂದೆ ಹೋಗಿದೆ ಅಂದ. ಆದರೂ ಮಲಗಿಸಿಕೊಂಡೇ ಒಯ್ಯುತ್ತೇನೆ ಎಂದು ಹಟ ಹಿಡಿದೆ. ಅವಳು ಒಪ್ಪಲಿಲ್ಲ.

“ಅಲ್ಲೇ ಹೋಗಿ ಸತ್ರೆ ನನ್ನ ಯಾವ್ ತಾವ್ ಮಣ್ ಮಾಡ್ತಾಳೆ ಆ ಹುಡ್ಗಿ? ಇಲ್ಲಿ ಅವರಪ್ಪನ ಮಗ್ಗುಲಾಗೆ ಜಾಗ ಐತೆ. ಬುಡು ಗೌಸಣ್ಣ.”

ಆಮೇಲೆ ಕೇಳಿದಳು, “ಆ ಕಡಲಾಚೆಯೋಳು ಅವ್ವ ಸತ್ ದಿನ ಹಾಡಿದ್ಲಾ?”

ನನಗೆ ಗೊತ್ತಿಲ್ಲ ಅಂದೆ. “ಹಾಡಿರ್ತಾಳೆ ಬುಡು” ಅಂದಳು.

ಗೌಸ್


ರಾಮನಗರ
28 ಜುಲೈ 1978

ಅವ್ವಾ,

ಈ ಕಾಗದವನ್ನೂ ಗೌಸ್ ಮಾಮನೇ ನಿನಗೆ ಓದುತ್ತಾರೆ. ಅವರು ಗಡಿ ದಾಟಬಹುದು.

ನೀನು ಹೋದೆಯೆಂದು ತಂತಿ ಬಂದ ದಿನ ನಾನು ಎಳೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಕನಕಪುರದಲ್ಲಿ ಬಸ್ಸು ಬದಲಿಸಿ ಉಯ್ಯಂಬಳ್ಳಿಗೆ ಬಂದಾಗ ಮಧ್ಯಾಹ್ನವಾಗಿತ್ತು. ಮಾಮ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ದೊಡ್ಡಿಯ ಗಡಿಯ ಹಳ್ಳದವರೆಗೂ ತುಳಿದರು. ಹಳ್ಳದ ಆಚೆ ದೊಡ್ಡಪ್ಪ ನಿಂತಿದ್ದ, ಕೈ ಮುಗಿದುಕೊಂಡು.

“ಬ್ಯಾಡ ಕಣವ್ವ. ಕಾಲಿಗ್ ಬೀಳ್ತೀನಿ. ಹುಡ್ಗರು ಈಗೀಗ ಒಸಿ ಉಣ್ತಾವೆ.”

ಅವನ ಹಿಂದೆ, ಹೊಂಗೆ ಮರಗಳ ನಡುವೆ, ನಿನ್ನನ್ನು ಗುಂಡಿಗೆ ಇಳಿಸುತ್ತಿದ್ದರು. ನನಗೆ ಕಾಣಿಸಿದ್ದು ಜನರ ಬೆನ್ನು ಮಾತ್ರ. ಹಳ್ಳದಲ್ಲಿ ಮೊಣಕಾಲುದ್ದ ನೀರೂ ಇರಲಿಲ್ಲ ಅವ್ವ. ಆ ಕಡಲಾಚೆಯವಳಿಗೆ ಸಮುದ್ರ ಅಡ್ಡವಾಗಿತ್ತು. ನನಗೆ ಅಡ್ಡವಾದದ್ದು ಎರಡು ಹೆಜ್ಜೆಯ ನೀರು. ನಾನು ದಾಟಲಿಲ್ಲ.

“ಮುಖ ತೊಳೆದವರು ಯಾರು?” ಎಂದು ಕೂಗಿ ಕೇಳಿದೆ.

“ಮುನಿಯಮ್ಮ,” ಅಂದ ದೊಡ್ಡಪ್ಪ.

ಅದು ಮುಖ್ಯವಲ್ಲ ಎಂದು ನಿನಗೆ ಬರೆದಿದ್ದೆ.

ಆಮೇಲೆ ನಾನು ಹಾಡಿದೆ. ನಿನ್ನ ಪದವನ್ನೇ. ಕಡಲಾಚೆ ಹಾಡೋಳು ಮಗಳೊಬ್ಬಳವಳೆ ಸೋ ಅಂದು ನಿಲ್ಲಿಸಿದೆ. ಆ ಕಡೆಯ ಹೆಂಗಸರಿಗೆ ಕೇಳಿಸಿತು, ಎಲ್ಲರೂ ಈ ಕಡೆ ತಿರುಗಿದರು. ಮುನಿಯಮ್ಮನ ಬಾಯಿ ತೆರೆದಿತ್ತು. ದೊಡ್ಡಮನೆಯ ಆಳೊಬ್ಬ ಬದುವಿನ ಮೇಲೆ ನಿಂತು ನೋಡುತ್ತಿದ್ದ. ಮುನಿಯಮ್ಮ ಬಾಯಿ ಮುಚ್ಚಿಕೊಂಡಳು. ಯಾರೂ ತಿರುಗಿ ಹೇಳಲಿಲ್ಲ. ಮಣ್ಣು ಬೀಳುವ ಸದ್ದು ಮಾತ್ರ.

ಎರಡನೇ ಸಾಲು ಹೇಳಿದೆ. ಅದಕ್ಕೂ ಇಲ್ಲ.

ಮೂರನೆಯದನ್ನು ನಾನು ಎತ್ತಲಿಲ್ಲ. ಆಗ ನನ್ನ ಬೆನ್ನ ಹಿಂದೆ, ಸೈಕಲ್ ಹಿಡಿದು ನಿಂತಿದ್ದ ಗೌಸ್ ಮಾಮ, ಎರಡನೇ ಸಾಲನ್ನು ತಿರುಗಿ ಹೇಳಿದರು. ಒಡೆದ ಧ್ವನಿ, ರಾಗವೇ ಇಲ್ಲ. ಮಾಮ, ಇದನ್ನು ಬಿಟ್ಟು ಓದಬೇಡಿ. ನೀವು ಮಾತಿಗೆ ತೇಪೆ ಹಾಕುವವರಲ್ಲ.

ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಸಾಲು ಇನ್ನೂ ಇದೆ. ತಾಯಿಯ ಮಣ್ಣನ್ನೂ ಬಿಟ್ಟಳು, ಆದರೆ ಬಾಗಲಿಲ್ಲ. ಅಳಿಸಬೇಕೆಂದು ಎದ್ದೆ, ಅಳಿಸಲಿಲ್ಲ. ಅಂಕಯ್ಯನ ಮೇಲಿನ ದೂರನ್ನೂ ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ಆ ಸಾಲು ಬರೆದವಳ ತಾಯಿ ಆಗ ಬದುಕಿದ್ದಳು.

ಗೌಸ್ ಮಾಮ, ಕೊನೆಯ ಎರಡು ಸಾಲು ಅವ್ವನಿಗೆ ನಾನು ಎತ್ತಿಕೊಡುತ್ತಿರುವುದು. ಅವಳ ಮಣ್ಣಿನ ಹತ್ತಿರ, ತಲೆಯ ಕಡೆ ಕೂತು ಓದಿ. ಒಂದನ್ನು ಓದಿ ನಿಲ್ಲಿಸಿ, ಅವಳು ತಿರುಗಿ ಹೇಳುವಷ್ಟು ಹೊತ್ತು ಬಿಡಿ, ಆಮೇಲೆ ಇನ್ನೊಂದನ್ನು ಓದಿ. ಅವಸರ ಮಾಡಬೇಡಿ, ಸೈಕಲ್ಲು ಕಾಯಲಿ.

ಹಾಡು ಹಳ್ಳದಾಚೆಗೆ ಬಂತಲ್ಲ ಸೋ

ಹಾಡೋಳು ಹೊರಗವಳೆ ಯಾಕವ್ವ ಸೋ

ಹಳ್ಳದ ಈಚೆಯಿಂದ,
ಮಾಯಿ